ಅಮಾವಾಸ್ಯೆ ಕಳೆದ ಮೇಲೆ

ಹುಳುಮನೆಯ ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು ಸುರಿದು ಅರ್ಧ ಉಜ್ಜಿದ್ದಳು ಪದ್ಮಿನಿ. ಉಳಿದರ್ಧ ಬಾಗಿಲ ಕಡೆಗಿತ್ತು. ಸೆರಗನ್ನು ಮೂಗಿಗೆ ಸುತ್ತಿಕೊಂಡಿದ್ದರೂ ಘಾಟು ಗಂಟಲಿಗೆ ಇಳಿಯುತ್ತಿತ್ತು. ಎರಡು ತಿಂಗಳಿಂದ ಬಾಗಿಲು ತೆಗೆಯದ ಮನೆ. ತಟ್ಟೆಗಳ ನಡುವೆ ಜೇಡ ಬಲೆ ನೇಯ್ದಿತ್ತು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿ ನಿಂತು, ಅವುಗಳ ಸುರುಳಿಗಳ ತುಂಬ ಧೂಳು ಕೂತಿತ್ತು. ಹೊಸ್ತಿಲ ಒಳಗೆ ಅವಳ ಒಂದು ಜೊತೆ ಚಪ್ಪಲಿ. ಹೊರಗಿನ ಚಪ್ಪಲಿ ಹೊರಗೇ ಬಿಟ್ಟು, ಕಾಲು ತೊಳೆದು, ಒಳಗಿನದನ್ನು ಮೆಟ್ಟಿಕೊಂಡೇ ಹುಳುವಿನ ಹತ್ತಿರ ಹೋಗಬೇಕು. ಇಲ್ಲದಿದ್ದರೆ ರೋಗ ಒಳಗೆ ಬರುತ್ತದೆ.

ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಚಿಕ್ಕಮಾದಮ್ಮ ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು.

"ಇನ್ನೊಂದು ತಿಂಗ್ಳಿಗೆ ಯಾಕವ್ವ ಇಷ್ಟೊಂದು ಉಜ್ತಿಯೆ?"

ಪದ್ಮಿನಿಗೆ ನಗು ಬಂತು. ನಗಬಾರದ ಮಾತು ಎಂದು ತಿಳಿದು ತಲೆ ತಗ್ಗಿಸಿ ಉಜ್ಜಿದಳು.

ಲೋಕ ಮುಗಿಯುವುದು ಮಹಾಲಯ ಅಮಾವಾಸ್ಯೆಯ ರಾತ್ರಿ ಎಂದು ಹೇಳಿದವರು ಬಂಡೆ ಅಪ್ಪಾಜಿ. ರಾಮಾಪುರದಾಚೆ ಕಾಡಂಚಿನ ಬಂಡೆಯ ಮೇಲೆ ಶೀಟಿನ ಮಂಟಪ ಕಟ್ಟಿಕೊಂಡು ಕೂತವರು. ಅಲ್ಲಿಯವರೆಗೆ ಹೊಸದೇನನ್ನೂ ಹಿಡಿಯಬೇಡಿ, ಮನೆಯಲ್ಲಿ ಕಟ್ಟಿಹಾಕಿದ ಜೀವಗಳನ್ನೆಲ್ಲ ಬಿಟ್ಟುಬಿಡಿ, ಆ ರಾತ್ರಿ ತೀರಿಹೋದವರು ನಿಮ್ಮನ್ನು ಕರೆದೊಯ್ಯಲು ಬರುತ್ತಾರೆ ಎಂದಿದ್ದರು. ಈ ಕೊನೆಯ ಮಾತು ಚಿಕ್ಕಮಾದಮ್ಮನಿಗೆ ಸಾಕಾಗಿತ್ತು. ಎಂಟು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡ ಮೂರ್ತಿ ಅವಳ ಒಬ್ಬನೇ ಮಗ. ಪದ್ಮಿನಿಯ ಗಂಡ.

ಪದ್ಮಿನಿಯೂ ನಂಬಿದಳು. ಅತ್ತೆಗಾಗಿ ನಂಬಿದೆ ಎಂದು ಊರಿಗೆ ಹೇಳಿಕೊಳ್ಳಬಹುದಿತ್ತು, ಆದರೆ ಅದು ಪೂರ್ತಿ ನಿಜವಲ್ಲ. ಲೋಕ ಮುಗಿಯುತ್ತದೆ ಎಂದು ಕೇಳಿದ ದಿನ ಅವಳಿಗೆ ಭಯಕ್ಕಿಂತ ಮೊದಲು ಒಂದು ನಿರಾಳ ಬಂದಿತ್ತು. ಪರೀಕ್ಷೆಯ ದಿನ ಶಾಲೆಗೆ ರಜೆ ಎಂದು ಕೇಳಿದ ಹುಡುಗಿಯ ನಿರಾಳ. ಏಕೆಂದರೆ ಅದರ ಹಿಂದಿನ ವಾರವಷ್ಟೇ, ಮನೆಗೆ ಮರಿಹುಳು ತಂದುಕೊಡುವ ಚಾಕಿ ದೇವರಾಜು ಅವಳನ್ನೊಂದು ಪ್ರಶ್ನೆ ಕೇಳಿದ್ದ.

ಅಮಾವಾಸ್ಯೆಯ ಹಿಂದಿನ ದಿನ ಹಳ್ಳಿಹಳ್ಳಿಯ ಭಕ್ತರು ಹಸು ಬಿಚ್ಚಿದರು, ಆಡು ಬಿಚ್ಚಿದರು. ಪದ್ಮಿನಿಯ ಮನೆಯಲ್ಲಿ ಕಟ್ಟಿದ ಜೀವವೆಂದರೆ ರೇಷ್ಮೆಹುಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚಿ ಎದ್ದು ಬಕಬಕನೆ ಸೊಪ್ಪು ತಿನ್ನುತ್ತಿದ್ದವು. ಅವನ್ನು ತಟ್ಟೆತಟ್ಟೆಯಾಗಿ ಹೊತ್ತು ಹಿಪ್ಪುನೇರಳೆ ಗಿಡಗಳ ಮೇಲೆ ಬಿಟ್ಟಳು. ರೇಷ್ಮೆಹುಳುವಿಗೆ ಗಿಡದಲ್ಲಿ ಬದುಕಲು ಬರುವುದಿಲ್ಲ, ಗಾಳಿಗೆ ಹಿಡಿದುಕೊಳ್ಳಲೂ ತಿಳಿಯದು. ಅದು ಅವಳಿಗೆ ಗೊತ್ತಿತ್ತು. ನಾಳೆಯೇ ಇಲ್ಲದಿದ್ದ ಮೇಲೆ ಒಂದು ದಿನದ ಸ್ವಾತಂತ್ರ್ಯ ಸಿಗಲಿ ಎಂದುಕೊಂಡಳು.

ಅಮಾವಾಸ್ಯೆಯ ರಾತ್ರಿಯಿಡೀ ಬಂಡೆಯ ಮೇಲೆ ಭಜನೆ ಮಾಡಿದರು. ಕಾಡುಕೋಳಿ ಕೂಗಿತು, ಬೆಳಕಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟ್ರಾಕ್ಟರಿನಲ್ಲಿ ಲೊಕ್ಕನಹಳ್ಳಿಗೆ ವಾಪಸು ಬಂದಾಗ ಬಸ್‌ಸ್ಟಾಪಿನ ಟೀ ಅಂಗಡಿ ಮುತ್ತಯ್ಯ, "ಪದ್ಮವ್ವ, ನಾಳಿಕೆ ಟೀಗೆ ಆಲು ತರಿಸ್ಲಾ, ಬ್ಯಾಡ್ವಾ?" ಎಂದು ಕೇಳಿದ್ದ. ಇಡೀ ಬಸ್‌ಸ್ಟಾಪು ನಕ್ಕಿತ್ತು.

ಬಿಟ್ಟ ಹಸುಗಳು ಸಂಜೆಗೆ ತಾವಾಗಿ ಮನೆ ಸೇರಿದವು. ಹುಳು ಬರಲಿಲ್ಲ. ತೋಟಕ್ಕೆ ಹೋದರೆ ಗಿಡದ ಬುಡದಲ್ಲಿ ಇರುವೆಯ ಸಾಲು, ಬೇಲಿಯ ಮೇಲೆ ಹೊಟ್ಟೆ ತುಂಬಿದ ಕಾಗೆಗಳು. ಪಕ್ಕದ ಬೀದಿಯ ಚನ್ನಾಜಮ್ಮ ಅಪ್ಪಾಜಿಯ ಮಾತು ಕೇಳಿ ಮಗಳ ನಿಶ್ಚಿತಾರ್ಥ ಮುರಿದಿದ್ದಳು. ಗಂಡಿನವರು ಮತ್ತೆ ಒಪ್ಪಲಿಲ್ಲ. ಆ ಹುಡುಗಿ ಈಗಲೂ ನಲ್ಲಿಗೆ ಬಂದಾಗ ಯಾರೊಡನೆಯೂ ಮಾತಾಡುವುದಿಲ್ಲ. ಕೆಲವರು ಬಂಡೆಯ ದಾರಿ ಬಿಟ್ಟರು. ಕೆಲವರು, ಚಿಕ್ಕಮಾದಮ್ಮನಂಥವರು, ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ನಿಮ್ಮ ಭಕ್ತಿಗೆ ಮೆಚ್ಚಿ ಲೋಕಕ್ಕೆ ಸ್ವಲ್ಪ ಕಾಲ ಕೊಟ್ಟಿದೆ ಎಂದು ಅಪ್ಪಾಜಿ ಈಗ ಹೊಸ ದಿನ ಹೇಳಿದ್ದರು. ಎಳ್ಳಮಾವಾಸ್ಯೆ.

ಹೊಸ್ತಿಲ ಮುಂದೆ ರೋಗ ತಡೆಯುವ ಸುಣ್ಣದ ಪುಡಿಯನ್ನು ಅಗಲವಾಗಿ ಎಳೆದು ಮುಗಿಸುವಷ್ಟರಲ್ಲಿ ಬೈಕಿನ ಸದ್ದು ಕೇಳಿತು. ಪದ್ಮಿನಿ ನೋಡದೆಯೇ ಗುರುತು ಹಿಡಿದಳು. ಎರಡು ತಿಂಗಳಿಂದ ಅವನ ಫೋನು ಎತ್ತಿರಲಿಲ್ಲ.

ಕೊಳ್ಳೇಗಾಲದ ಹತ್ತಿರ ಚಾಕಿ ಕೇಂದ್ರ ನಡೆಸುವ ದೇವರಾಜು ಮೊಟ್ಟೆಯೊಡೆದ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುತ್ತಿದ್ದ. ಮೂವರು ತಂಗಿಯರ ಮದುವೆ ಮಾಡುವುದರಲ್ಲಿ ತನ್ನದನ್ನು ಮರೆತು ನಲವತ್ತು ದಾಟಿದ್ದ. ಆರು ವರ್ಷದಿಂದ ಈ ಮನೆಗೆ ಹುಳು ತರುತ್ತಿದ್ದವನು ಒಮ್ಮೆಯೂ ಸುಣ್ಣದ ಗೆರೆ ದಾಟಿರಲಿಲ್ಲ. ಆಚೆ ಅವನು, ಈಚೆ ಅವಳು. ಟ್ರೇ ಕೈ ಬದಲಾಗುವಾಗ ಬೆರಳು ತಾಗದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು. ಆ ಎಚ್ಚರವೇ ಯಾವುದೋ ಒಂದು ದಿನ ಮಾತಿಗಿಂತ ಜೋರಾಗಿ ಕೇಳಿಸತೊಡಗಿತ್ತು.

ಅವನು ಚಪ್ಪಲಿ ಕಳಚಿ ಎಂದಿನಂತೆ ಗೆರೆಯಾಚೆ ನಿಂತ. ಅವಳನ್ನು ನೋಡಿ, ತನ್ನ ಮೂಗಿನ ತುದಿ ಮುಟ್ಟಿಕೊಂಡ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಮುಟ್ಟಿಕೊಂಡ.

"ಏನು?"

"ಸುಣ್ಣ ಕಣ್ರಿ. ಮೂಗಿನ ಮ್ಯಾಲೆ."

ಅವಳು ಒರೆಸಿಕೊಂಡಳು. ಕೈಯಲ್ಲೂ ಸುಣ್ಣವಿತ್ತಾದ್ದರಿಂದ ಕೆನ್ನೆಗೂ ಹರಡಿತು. ಅವನು ಬೇಲಿಯ ಕಡೆ ತಿರುಗಿ ನಗು ನುಂಗಿಕೊಂಡ. ಮೀಸೆಯ ಒಂದು ತುದಿ ಮಾತ್ರ ಮಾತು ಕೇಳಲಿಲ್ಲ.

ಬೈಕಿನ ಚೀಲದಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಗೆರೆಯ ಮೇಲಿಂದ ಚಾಚಿದ. ಮುಚ್ಚಳ ತೆಗೆದರೆ ಒಳಗೆ ಹಳದಿ ಗೂಡುಗಳು, ಎರಡು ಹಿಡಿಯಾಗುವಷ್ಟು. ಪ್ರತಿಯೊಂದಕ್ಕೂ ತುದಿಯಲ್ಲಿ ತೂತು. ನೂಲು ತೆಗೆಯಲು ಬಾರದ, ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟದ ಗೂಡು.

ಪದ್ಮಿನಿಯ ಮುಖ ಬಿಗಿಯಿತು. ಟೀ ಅಂಗಡಿಯವನಿಂದ ಹಿಡಿದು ಎಲ್ಲರೂ ಆಡಿಕೊಂಡಾಗಿತ್ತು. ಇವನೊಬ್ಬ ಬಾಕಿಯಿದ್ದ.

"ಆಡ್ಕಳಾಕೆ ಅಷ್ಟು ದೂರದಿಂದ ಬಂದ್ರಾ?" ಎಂದು ಡಬ್ಬಿ ಮುಚ್ಚಿದಳು.

ಅವನಿಗೆ ಮಾತು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಿಧಾನವಾಗಿ ಹೇಳಿದ. ಅಮಾವಾಸ್ಯೆಯ ದಿನ, ಹುಳು ಹೇಗಿವೆ ನೋಡೋಣವೆಂದು ಬಂದಿದ್ದನಂತೆ. ಮನೆಗೆ ಬೀಗ. ತೋಟದಲ್ಲಿ ಕಾಗೆಯ ಸದ್ದು. ಹೋಗಿ ನೋಡಿದವನಿಗೆ ಎಲ್ಲ ಅರ್ಥವಾಯಿತು. ಕಾಗೆ ಓಡಿಸುತ್ತ, ಇನ್ನೂ ಅಲುಗುತ್ತಿದ್ದ ಹುಳುಗಳನ್ನು ಆಯ್ದುಕೊಂಡ. ಹಾಕಿಕೊಳ್ಳಲು ಏನೂ ಸಿಗದೆ ಹೆಲ್ಮೆಟ್ಟಿನೊಳಗೆ ಸೊಪ್ಪು ಹಾಸಿ ತುಂಬಿದ.

"ಅನೂರ್ ತಾವ ಪೊಲೀಸ್ನೋರು ತಡುದ್ರು. ಎಲ್ಲಯ್ಯ ಹೆಲ್ಮೆಟ್ಟು ಅಂದ್ರು. ಎತ್ತಿ ತೋರುಸ್ದೆ. ಒಳಗೆ ನೋಡಿ, ಓಗಯ್ಯ ಅತ್ತಗೆ ಅಂದ್ರು."

ಪದ್ಮಿನಿ ನಗಲಿಲ್ಲ. ಡಬ್ಬಿಯನ್ನು ಮತ್ತೆ ತೆರೆದು ನೋಡುತ್ತಿದ್ದಳು.

"ಗೂಡು ಕಟ್ಟಿದ್ವಲ್ಲ. ತೂತು ಬೀಳೋಗಂಟ ಯಾಕೆ ಬಿಟ್ರಿ?"

"ನೀವು ಬಿಡುಗಡೆ ಮಾಡಿದ್ದ ಉಳ ಅವು," ಎಂದ ದೇವರಾಜು. "ನಾನೆಂಗೆ ಬೇಯ್ಸಾಕೆ ಕೊಡ್ಲಿ? ಚಿಟ್ಟೆ ಆಗಿ ಎದ್ದೋದ್ವು."

ತೂತಿನ ಗೂಡೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಭಾರವೇ ಇರಲಿಲ್ಲ. ಎರಡು ತಿಂಗಳಿಂದ ಕಣ್ಣು ಮುಚ್ಚಿದರೆ ಬೇಲಿಯ ಮೇಲಿನ ಕಾಗೆಗಳೇ ಕಾಣುತ್ತಿದ್ದವು. ಈಗ ಎದುರಿಗೆ ಹೆಲ್ಮೆಟ್ ಇಲ್ಲದ ತಲೆ ಗಾಳಿಗೆ ಕೆದರಿಕೊಂಡು, ಮಡಿಲ ಮಗುವಿನ ಹಾಗೆ ಹುಳುಗಳನ್ನು ಒಯ್ಯುತ್ತಿರುವ ಒಬ್ಬ ಗಂಡಸು ಕಂಡ.

ಅವನು ಹೊಸ ಲಾಟಿನ, ಅಂದರೆ ಹೊಸ ಕಂತು ಹುಳುವಿನ ಮಾತು ತೆಗೆದ. ಮೊಟ್ಟೆ ಒಡೆದಿವೆ. ಬೇಕೆಂದರೆ ಮುಂದಿನ ವಾರ ತಂದುಕೊಡಬಹುದು. ಆದರೆ ಈ ಲಾಟು ಹಣ್ಣಾಗುವುದು ಸರಿಯಾಗಿ ಎಳ್ಳಮಾವಾಸ್ಯೆಯ ಹೊತ್ತಿಗೆ, ಬೇಡವಾದರೆ ಅದರ ಮುಂದಿನದು ನೋಡೋಣ ಎಂದ. ಅಮಾವಾಸ್ಯೆಯ ವಿಷಯ ಅವನಿಗೂ ಮುಟ್ಟಿತ್ತು ಎಂಬುದು ದನಿಯಲ್ಲೇ ಇತ್ತು. ಗೇಲಿ ಇರಲಿಲ್ಲ.

ಮಾತು ಮುಂದೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಮಾಸೆ ಕಳೀಲಿ ಅಂದಿದ್ರಿ," ಎಂದ ಅವನು, ಸುಣ್ಣದ ಗೆರೆಯನ್ನು ನೋಡುತ್ತ. "ಕಳೀತು."

ಈ ಗೆರೆ ದಾಟಿ ನಿಮ್ಮ ಮನೆಯವನಾಗಿ ಒಳಗೆ ಬರಬಹುದೇ ಎಂದು ಅವನು ಕೇಳಿದ್ದಕ್ಕೆ, ಅಪ್ಪಾಜಿಯ ಮಾತು ಕಿವಿಗೆ ಬಿದ್ದ ಮೇಲೆ ಅವಳು ಕೊಟ್ಟಿದ್ದ ಉತ್ತರ ಅದು. ಕಳೆಯುವ ಅಮಾವಾಸ್ಯೆಯೇ ಅಲ್ಲವೆಂದು ನಂಬಿಕೊಂಡು, ಇಲ್ಲ ಎನ್ನುವ ಕಷ್ಟ ತಪ್ಪಿಸಿಕೊಳ್ಳಲು, ಹೂಂ ಎನ್ನುವ ಭಯವನ್ನೂ ತಪ್ಪಿಸಿಕೊಳ್ಳಲು ಆಡಿದ ಮಾತು. ಅವನು ಅದನ್ನು ಗಡುವು ಎಂದುಕೊಂಡು ಕಾದಿದ್ದ. ಲೋಕದ ಕೊನೆಯಾಚೆಗಿನ ದಿನಕ್ಕೆ ಮಾತು ಕೊಟ್ಟುಬಿಟ್ಟಿದ್ದಳು. ಆ ದಿನ ಬಂದು ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿತ್ತು.

"ನಾನು ಆವತ್ತು ನಂಬಿದ್ದೆ. ಕಳಿಯಾಕಿಲ್ಲ ಅಂತ," ಎಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವನು ತಲೆಯಾಡಿಸಿದ. ನೋವಾಗಿತ್ತು, ಮುಚ್ಚಿಡಲಿಲ್ಲ. "ಈಗ?"

"ಲಾಟು ತಕಬನ್ನಿ. ಇದೇ ಲಾಟು."

ಎಳ್ಳಮಾವಾಸ್ಯೆಗೇ ಹಣ್ಣಾಗುತ್ತದೆ ಎಂದು ಅವನು ನೆನಪಿಸಹೊರಟ. ಗೊತ್ತು ಎಂದಳು. ಅವನು ಅವಳ ಮುಖವನ್ನು ಓದಲು ನೋಡಿದ. ಸುಣ್ಣ ಬಿಟ್ಟು ಬೇರೇನೂ ಸಿಗಲಿಲ್ಲವೇನೋ. ಹಣ್ಣಾದ ದಿನ ಕೈ ಸಾಲದಿದ್ದರೆ ಫೋನು ಮಾಡಿ ಎಂದಷ್ಟೇ ಹೇಳಿ, ಡಬ್ಬಿಗೆ ಕೈ ಚಾಚಿದ. ಅವಳು ಗೂಡುಗಳನ್ನು ಮಡಿಲಿಗೆ ಸುರಿದುಕೊಂಡು ಡಬ್ಬಿ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಎಳೆದುಕೊಳ್ಳಲಿಲ್ಲ. ಮುಂದೆ ಬಾಗಿದ ರಭಸಕ್ಕೆ ಅವನ ಬಲಗಾಲು ಸುಣ್ಣದ ಮೇಲೆ ಊರಿತು.

ತಪ್ಪಾಯಿತೆಂದು ಅವನು ಹಿಂದೆ ಸರಿದ. ಇರಲಿ, ಮತ್ತೆ ಎಳೆಯುತ್ತೇನೆ ಎಂದಳು.

ಬೈಕು ತಿರುವು ದಾಟಿತು. ಅವನು ಯಾಕೆ ಬಂದಿದ್ದ ಎಂದು ಅತ್ತೆ ಕೇಳಿದಳು. ಪದ್ಮಿನಿ ಜಗಲಿಯ ಮೇಲೆ ಅವಳ ಪಕ್ಕ ಕೂತು, ಅವರೆಕಾಯಿಯ ರಾಶಿಗೆ ಕೈ ಹಾಕಿ, ಲಾಟು ಹೇಳಿದ್ದೇನೆ, ಎಳ್ಳಮಾವಾಸ್ಯೆಗೆ ಹುಳು ಹಣ್ಣಾಗುತ್ತವೆ ಎಂದಳು. ಚಿಕ್ಕಮಾದಮ್ಮನ ಕೈ ನಿಂತಿತು.

"ಅಂಗಾರೆ ನೀನು ಬಂಡೆಗೆ ಬರಾಕಿಲ್ಲ."

"ನೀವು ಓಗಿ ಬನ್ನಿ ಅತ್ತೆ. ರೊಟ್ಟಿ ಕಟ್ಕೊಡ್ತಿನಿ. ಸ್ವೆಟರ್ ಮರಿಬ್ಯಾಡಿ, ಕಳ್ದ ಸಲ ನಡುಗ್ತಿದ್ರಿ."

ಮುದುಕಿ ಒಂದು ಕಾಯಿ ಬಿಡಿಸಿದಳು. ಕಾಳು ಮೊರದ ಆಚೆ ಬಿತ್ತು. ಅವಳ ದನಿ ಸಣ್ಣದಾಗಿತ್ತು.

"ಮೂರ್ತಿ ಬಂದು, ಎಲ್ಲವ್ವ ಪದ್ಮ ಅಂತ ಕೇಳುದ್ರೆ?"

ಈ ಮಾತಿಗೆ ಪದ್ಮಿನಿ ಎರಡು ತಿಂಗಳಿಂದ ಹೆದರಿದ್ದಳು. ಅವನು ಬರುವುದಿಲ್ಲ ಎನ್ನಬಹುದಿತ್ತು. ಅತ್ತೆಯ ಕೈಯಲ್ಲಿ ಉಳಿದಿದ್ದ ಒಂದೇ ವಸ್ತುವನ್ನು ಕಿತ್ತುಕೊಂಡ ಹಾಗಾಗುತ್ತಿತ್ತು. ಬರುತ್ತಾನೆ ಎನ್ನಲು ಅವಳಿಂದ ಇನ್ನು ಆಗುತ್ತಿರಲಿಲ್ಲ.

"ಉಳ ಅಣ್ಣಾಗವೆ, ಬುಟ್ಟು ಬರಾಕಾಗ್ಲಿಲ್ಲ ಅನ್ನಿ," ಎಂದಳು. "ಅವ್ರೂ ಉಳ ಸಾಕ್ದೋರು. ಕೋಪ ಮಾಡ್ಕಳಾಕಿಲ್ಲ."

ಚಿಕ್ಕಮಾದಮ್ಮ ಕಣ್ಣೊರೆಸಿಕೊಳ್ಳದೆಯೇ, ಮೂರ್ತಿಯೂ ಹಾಗೇ ಇದ್ದ, ಹಬ್ಬದ ದಿನವೂ ಊಟಕ್ಕೆ ಹುಳುಮನೆಯಿಂದ ಎಳೆದುಕೊಂಡು ಬರಬೇಕಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮೊರದಾಚೆ ಬಿದ್ದ ಕಾಳನ್ನು ಹುಡುಕಿ ಎತ್ತಿ ಹಾಕಿದಳು. ಒಂದು ಚಂದ್ರಿಕೆಯ ಕಟ್ಟು ಬಿಚ್ಚಿಕೊಂಡಿದೆ, ಬಿದಿರು ಸೀಳಿ ಕೊಡು, ಬಿಗಿದುಕೊಡುತ್ತೇನೆ ಎಂದಳು.

ಪದ್ಮಿನಿ ಎದ್ದು ಹೊಸ್ತಿಲಿಗೆ ಬಂದಳು. ಸುಣ್ಣದ ಬಿಳುಪಿನಲ್ಲಿ ಅವನ ಬಲಗಾಲು ಅಚ್ಚುಕಟ್ಟಾಗಿ ಮೂಡಿತ್ತು. ಐದು ಬೆರಳು, ಅಗಲವಾದ ಅಂಗಾಲು, ತೂಕವೆಲ್ಲ ಹಿಮ್ಮಡಿಯ ಮೇಲೆ. ಬರಲು ಹೊರಟವನ ಹೆಜ್ಜೆಗಿಂತ ಅದು ತಡೆದುಕೊಂಡವನ ಹೆಜ್ಜೆಯ ಹಾಗಿತ್ತು.

ಒಳಗೆ ನೋಡಿದಳು. ತೊಳೆದ ನೆಲ ಒಣಗುತ್ತಿತ್ತು. ಹೊಸ್ತಿಲ ಪಕ್ಕ ಒಂದೇ ಜೊತೆ ಚಪ್ಪಲಿ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವುದು ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ. ಎಂಟು ವರ್ಷ ಆಳುಗಳನ್ನು ಕರೆದು ಮಾಡಿದ್ದಳು. ಆಳಿಗೆ ಬಾಗಿಲಲ್ಲೇ ಪ್ಲಾಸ್ಟಿಕ್ ಚೀಲ ಕಾಲಿಗೆ ಕಟ್ಟಿಸುತ್ತಾರೆ. ಚಪ್ಪಲಿ ಇಡುವುದು ಮನೆಯವರಿಗೆ ಮಾತ್ರ.

ಪೊರಕೆಯಿಂದ ಒಂದು ಕಡ್ಡಿ ಎಳೆದು, ಕುಕ್ಕರುಗಾಲಲ್ಲಿ ಕೂತು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಅಳತೆ ಹಿಡಿದಳು. ಸರಿಯಾಗಿ ಅಲ್ಲಿಗೆ ಮುರಿದಳು.

ಅದೇನು ಎಂದು ಅತ್ತೆ ಜಗಲಿಯಿಂದ ಕೇಳಿದಳು. ಕಡ್ಡಿ ಎಂದಳು ಪದ್ಮಿನಿ.

ನಾಳೆ ಬೆಳಗಿನ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋಗುವುದಿತ್ತು, ಸುಣ್ಣ ತರಲು. ಮನೆಯೊಳಗೆ ಹೋಗಿ ಕಡ್ಡಿಯನ್ನು ಪರ್ಸಿನೊಳಗೆ ಬಾಗದಂತೆ ಓರೆಯಾಗಿ ಇಟ್ಟಳು. ಮರಳಿ ಹೊಸ್ತಿಲಿಗೆ ಬಂದು, ಹೆಜ್ಜೆಯ ಮೇಲೆ ಉಳಿದಿದ್ದ ಸುಣ್ಣ ಸುರಿದು, ಗೆರೆಯನ್ನು ಎಂದಿನಂತೆ ನೇರವಾಗಿ ಎಳೆದಳು.