ಎರಡು ಗೇರಿನ ನಡುವಿನ ಕಳ್ಳ

ಬಹಳ ಬಹಳ ಹಿಂದೆ ಮಣಿಕೂಟ ಎಂಬ ರಾಜ್ಯದಲ್ಲಿ ಒಂದೇ ಒಂದು ಕಾರಿತ್ತು. ಅಷ್ಟು ಹಿಂದೆ ಕಾರು ಎಲ್ಲಿಂದ ಬಂತು ಎಂದು ಕೇಳಬೇಡಿ. ಕತೆಯಲ್ಲಿ ಹಾರುವ ಕುದುರೆ ಬಂದಾಗ ತೆಪ್ಪಗೆ ಕೂತಿರುತ್ತೀರಲ್ಲ, ಹಾಗೆಯೇ ಇದಕ್ಕೂ ಕೂತಿರಿ. ಘಟ್ಟದಾಚೆಯಿಂದ ಇಡೀ ರಾಜ್ಯಕ್ಕೆ ಉಪ್ಪು ತರುತ್ತಿದ್ದುದು ಆ ಕಾರು. ಅದನ್ನು ಓಡಿಸುತ್ತಿದ್ದವನು ಚೌಡಪ್ಪ.

ಆ ಕಾರಿನ ಗೇರಿನ ಕೋಲು ಊರುಗೋಲಿನಷ್ಟು ಉದ್ದ. ಒಂದು ಗೇರು ಬಿಡಿಸಿ ಇನ್ನೊಂದು ಹಾಕಬೇಕೆಂದರೆ ಕೈ ಮೊಣಕಾಲಿನ ಹತ್ತಿರ ಹೊರಟು ಸೀಟಿನ ಅಂಚಿನವರೆಗೆ ಪ್ರಯಾಣ ಮಾಡಬೇಕು. ಚೌಡಪ್ಪನ ಮಗಳು ಸಣ್ಣಮ್ಮ ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು, ಕೋಲು ಹಿಡಿದ ಅವನ ಕೈಮೇಲೆ ತನ್ನ ಕೈ ಇಡುತ್ತಿದ್ದಳು. ಕೋಲು ನಡುದಾರಿಗೆ ಬಂದಾಗ ಚೌಡಪ್ಪ ಬೇಕೆಂದೇ ನಿಧಾನ ಮಾಡಿ "ಬಂತು... ಬಂತು..." ಎನ್ನುತ್ತಿದ್ದ. ಗೇರು ಕಟಕ್ಕನೆ ಕೂತಾಗ "ನಮ್ ಸಣ್ಣಿ ಊರು ಬಂತು!" ಎಂದು ಮುಗಿಸುತ್ತಿದ್ದ. ಹುಡುಗಿ ಕಿಲಕಿಲ ನಗುತ್ತಿದ್ದಳು. ಎಂಥ ಚೆಂದದ ದಿನಗಳು ಅವು. ಘಟ್ಟ ಹತ್ತಿ ಇಳಿಯುವವರೆಗೂ ಇದೇ ಆಟ.

ಆ ಘಟ್ಟದಲ್ಲಿ ನಡುಗಳ್ಳ ಎಂಬ ಮಾಂತ್ರಿಕನಿದ್ದ. ಕಾರು ಈ ಗೇರಿನಲ್ಲೂ ಇಲ್ಲ, ಆ ಗೇರಿನಲ್ಲೂ ಇಲ್ಲ ಎನ್ನುವ ಗಳಿಗೆಯಲ್ಲಿ ಅವನು "ಯಾರದೂ ಅಲ್ಲದ್ದು ನನ್ನದು" ಎಂದು ಮಂತ್ರ ಹೇಳುತ್ತಿದ್ದ. ಹೇಳಿ ಮುಗಿಸಿದರೆ ಸಾಕು, ಕೋಲು ಹಿಡಿದವರ ಒಂದು ನೆನಪು ಅವನ ಚೀಲಕ್ಕೆ ಬೀಳುತ್ತಿತ್ತು. ಮಗಳು ನಗಲಿ ಎಂದು ಚೌಡಪ್ಪ ನಿಧಾನ ಮಾಡಿದ ಗಳಿಗೆಗಳಲ್ಲೇ ಕಳ್ಳ ಅವನ ಮಗಳನ್ನು ಚೂರುಚೂರಾಗಿ ಕದ್ದ. ವರ್ಷಗಳು ಕಳೆದವು. ಒಂದು ದಿನ ಚೌಡಪ್ಪ ಉಪ್ಪಿನ ಮೂಟೆ ಇಳಿಸಿ ತನ್ನ ಮನೆಯ ಬಾಗಿಲಲ್ಲೇ ನಿಂತು ಕೇಳಿದ:

"ಯಾರವ್ವ ನೀನು? ಕುಡಿಯೋಕೆ ಒಂದು ಲೋಟ ನೀರು ಸಿಕ್ಕೀತಾ?"

ಸಣ್ಣಮ್ಮ ನೀರು ಕೊಟ್ಟಳು. ಅವನು ಕುಡಿಯುವವರೆಗೂ ಕಣ್ಣೀರು ತಡೆದುಕೊಂಡಳು. ಆಮೇಲೆ ಊರ ಹಿರಿಯರಿಂದ ನಡುಗಳ್ಳನ ಸಂಗತಿ ತಿಳಿದುಕೊಂಡು, ಕಳ್ಳನಿಗೆ ಮಂತ್ರ ಹೇಳಲು ಪುರಸೊತ್ತೇ ಸಿಗದಂಥ ಗೇರಿನ ಕೋಲು ಹಾಕಿಸುತ್ತೇನೆ ಎಂದು ಕಾರು ಹೊರಡಿಸಿದಳು.

ಮೊದಲು ಅರಮನೆಯ ಕಮ್ಮಾರನಲ್ಲಿಗೆ ಹೋದಳು. ಅವನು ಬೆಳ್ಳಿಯ ಸಿಂಹದ ತಲೆಯಿದ್ದ ಗೇಣುದ್ದದ ಮೋಟು ಕೋಲು ಕೂರಿಸಿದ. ನೋಡಲು ಗತ್ತಾಗಿತ್ತು. ಎಳೆದರೆ ಅಲ್ಲಾಡಲಿಲ್ಲ. ಮೋಟು ಹಿಡಿಯ ಗುದ್ದಲಿಯಲ್ಲಿ ಬಂಡೆ ಮೀಟಿದ ಹಾಗಾಯಿತು. ಬೆಳ್ಳಿಯ ಸಿಂಹ ಆಕಳಿಸಿ, "ಇನ್ನೂ ಜೋರಾಗಿ ಎಳಿ" ಎಂದಿತು. ಅಂದಕ್ಕೆ ಮರುಳಾದರೆ ತೋಳು ಕಳಚುತ್ತದೆ ಎಂದುಕೊಂಡು ಸಣ್ಣಮ್ಮ ಅದನ್ನು ಬಿಚ್ಚಿಸಿದಳು.

ಎರಡನೆಯದಾಗಿ ಸಂತೆಯ ಜಾದೂಗಾರನಲ್ಲಿಗೆ ಹೋದಳು. ಅವನ ಕೋಲು ಎಳ್ಳುಕಾಳಿನಷ್ಟು ಸರಿದರೆ ಸಾಕು, ಗೇರು ಬೀಳುತ್ತಿತ್ತು. ಆದರೆ ಮೊದಲ ಸಲ ಸರಿಸಿದ ಕೂಡಲೇ ಕಾರಿನ ಹೊಟ್ಟೆಯೊಳಗಿನ ಗೇರುಗಳು ಕರಕರ ಎಂದು ಅತ್ತವು.

"ಒಬ್ಬರ ಹಲ್ಲು ಒಬ್ಬರು ಹಿಡಿಯೋಕೆ ಒಂದು ಉಸಿರಾದರೂ ಬೇಡವಾ ತಾಯಿ? ಇರೋದೇ ಇಷ್ಟು ಹಲ್ಲು."

ಸಣ್ಣಮ್ಮ ಅವುಗಳ ಕ್ಷಮೆ ಕೇಳಿ ಅದನ್ನೂ ಬಿಚ್ಚಿಸಿದಳು.

ಮೂರನೆಯದಾಗಿ, ಊರಾಚೆ ನೀರೆತ್ತುವ ಏತದ ಬಾವಿಯ ಪಕ್ಕ ಕುಲುಮೆ ಇಟ್ಟಿದ್ದ ದ್ಯಾವಜ್ಜಿಯಲ್ಲಿಗೆ ಬಂದಳು. ಅಜ್ಜಿ ಹಳೆಯ ಕೋಲನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದರ ತಲೆ ಕಡೀಬ್ಯಾಡ ಕಣವ್ವ, ನಿಮ್ಮಪ್ಪನ ಕೈ ಸವೆಸಿರೋ ಹಿಡಿ ಇದು. ಏತ ನೋಡಿಲ್ವಾ? ಮರ ಅದೇ, ಕಂಬ ಸರಿಸಿದ್ರೆ ಅದರ ಓಟವೇ ಬ್ಯಾರೆ. ಈ ಕೋಲು ಆಡೋದು ಅಡೀಲಿರೋ ಕೀಲಿನ ಗುಂಡಿನ ಮ್ಯಾಲೆ. ಗುಂಡು ಮ್ಯಾಲಕ್ಕೆ ಎತ್ತಿದ್ರೆ ಕೈ ಕಮ್ಮಿ ದೂರ ಹೋದ್ರೂ ಗೇರು ಬೀಳ್ತದೆ. ಒಸಿ ಬಿಗಿ ಆಯ್ತದೆ, ತಡ್ಕೋ. ಪುಕ್ಸಟ್ಟೆ ಯಾವುದೂ ಸಿಗಾಕಿಲ್ಲ."

"ಎಷ್ಟು ಎತ್ತೋದು ಅಜ್ಜಿ?"

"ಗೇರಿಗೆ ಒಂದು ಉಸಿರು ಇರಬೇಕು, ಕಳ್ಳಂಗೆ ಮೂರು ಮಾತು ಇರಬಾರ್ದು."

ಅಜ್ಜಿ ಗುಂಡನ್ನು ಒಂದು ಬೆರಳೆತ್ತರ ಏರಿಸಿ ತಾನೇ ಮಂತ್ರ ಹೇಳಿದಳು. ಗೇರು ಬೀಳುವುದರೊಳಗೆ ಮಂತ್ರ ಮುಗಿಯಿತು. ಎರಡು ಬೆರಳು ಏರಿಸಿದಳು. "ಯಾರದೂ ಅಲ್ಲದ್ದು ನ..." ಎನ್ನುವಷ್ಟರಲ್ಲಿ ಗೇರು ಕೂತಿತು. ಒಳಗೆ ಯಾರೂ ಅಳಲಿಲ್ಲ.

"ಇಷ್ಟೇ ಸಾಕು, ಮೂರಕ್ಕೆ ಆಸೆ ಪಡಬ್ಯಾಡ" ಎಂದಳು ಅಜ್ಜಿ. "ಮಂತ್ರ ಮೂರು ಸಲ ಅರ್ಧಕ್ಕೆ ನಿಂತ್ರೆ ಅವನ ಬಾಯಿ ಹೊಲಿದುಹೋಯ್ತದೆ, ಚೀಲ ಬಿಚ್ಕತದೆ. ಅಪ್ಪನ್ನೂ ಕೂರಿಸ್ಕೊಂಡು ಹೋಗು, ಒಡೆಯ ಹತ್ರ ಇದ್ರೇನೆ ನೆನಪು ಬಂದು ಸೇರೋದು. ಯಾರು ಏನಂದ್ರೂ ಕೋಲು ಮಾತ್ರ ನಡುವೆ ನಿಲ್ಲಿಸ್ಬ್ಯಾಡ."

ಮರುದಿನ ಸಣ್ಣಮ್ಮ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟ ಹತ್ತಿದಳು.

ಮೊದಲ ತಿರುವಿನಲ್ಲಿ ನಡುಗಳ್ಳನ ಮಾಯೆಯ ಕೊಂಬಿನ ಹುಲಿ ಅಡ್ಡ ನಿಂತಿತು. ಅವಳು ಹೆದರಿದರೂ ಗೇರು ಬದಲಿಸಿದಳು. ಕಿವಿಯ ಹಿಂದೆ "ಯಾರದೂ ಅಲ್ಲದ್ದು ನ..." ಎಂದು ಕೇಳಿಸಿತು, ಕಟಕ್ ಎಂದಿತು, ಹುಲಿ ಹೊಗೆಯಾಯಿತು. ಎರಡನೆಯ ತಿರುವಿನಲ್ಲಿ ಗಾಜಿನ ಹಾವು ಬಂದು ಕೋಲಿಗೂ ಅವಳ ಕೈಗೂ ಸುತ್ತಿಕೊಂಡಿತು. ಅವಳು ಕೈ ತೆಗೆಯಲಿಲ್ಲ. ಮಂತ್ರ ಮತ್ತೆ ಅರ್ಧಕ್ಕೆ ನಿಂತಿತು, ಗೇರು ಕೂತ ಹೊಡೆತಕ್ಕೆ ಹಾವು ಪುಡಿಪುಡಿಯಾಯಿತು.

ಮೂರನೆಯ ತಿರುವಿನಲ್ಲಿ ಹುಲಿಯೂ ಇಲ್ಲ, ಹಾವೂ ಇಲ್ಲ. ಕೋಲು ಗೇರು ಬಿಟ್ಟು ಹೊರಟಿತ್ತು. ಆಗ ಚೌಡಪ್ಪನ ಮುದಿ ಕೈ ತಾನಾಗಿಯೇ ಬಂದು ಅವಳ ಕೈಮೇಲೆ ಕೂತಿತು. ಯಾರು ಏನು ಒಂದೂ ಗೊತ್ತಿಲ್ಲದ ಮುದುಕ, ಬರೀ ಅಭ್ಯಾಸಬಲದಿಂದ "ಬಂತು... ಬಂತು..." ಎಂದ.

ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಸಣ್ಣಮ್ಮನ ಕೈ ನಿಂತೇಬಿಟ್ಟಿತು. ಪೂರ್ತಿ ಕೇಳಬೇಕೆಂದು ಜೀವ ಹಂಬಲಿಸಿತು. "ಯಾರದೂ ಅಲ್ಲದ್ದು ನನ್ನ..." ಎಂದ ನಡುಗಳ್ಳ. ಇನ್ನೊಂದೇ ಅಕ್ಷರ ಮುಗಿದಿದ್ದರೆ ಆ ಆಟದ ನೆನಪು ಅವಳಿಂದಲೂ ಹೋಗುತ್ತಿತ್ತು. ಆಮೇಲೆ ಅದು ಲೋಕದಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ.

"ತಪ್ಪಾಯ್ತು ಕಣಪ್ಪ" ಎಂದು ಸಣ್ಣಮ್ಮ ಅಪ್ಪನ ಮಾತನ್ನು ಅರ್ಧಕ್ಕೇ ಕತ್ತರಿಸಿ ಕೋಲು ತಳ್ಳಿದಳು.

ಕಟಕ್.

ನಡುಗಳ್ಳನ ಬಾಯಿ ಹೊಲಿದುಹೋಯಿತು. ಚೀಲ ಬಿಚ್ಚಿಕೊಂಡು ನೆನಪುಗಳು ಅವರೆಕಾಳಿನಂತೆ ರಸ್ತೆ ತುಂಬ ಉರುಳಿ ಬಂದು ಚೌಡಪ್ಪನ ಮಡಿಲು ಸೇರಿದವು. ಬರಿಗೈಯಾದ ಮಾಂತ್ರಿಕ ಗಾಳಿಗೆ ಸಿಕ್ಕ ಬೂದಿಯಾಗಿ ಹಾರಿಹೋದ.

ಚೌಡಪ್ಪ ಕಣ್ಣುಜ್ಜಿಕೊಂಡು ಪಕ್ಕಕ್ಕೆ ತಿರುಗಿದ.

"ಸಣ್ಣೀ, ಇಷ್ಟು ದೊಡ್ಡವಳು ಯಾವಾಗ ಆದೆ? ಕಾರು ಬಿಡೋಕೆ ಯಾರು ಕಲಿಸಿದ್ರು?"

"ನೀನೇ ಅಪ್ಪ" ಎಂದು ಅವಳು ಅತ್ತಳು.

ಉಪ್ಪು ತುಂಬಿಕೊಂಡು ಮರಳಿದ ಮೇಲೆ ಸಣ್ಣಮ್ಮ ನೆಟ್ಟಗೆ ದ್ಯಾವಜ್ಜಿಯ ಕುಲುಮೆಗೆ ಹೋಗಿ, ಕೀಲಿನ ಗುಂಡನ್ನು ಮೊದಲಿನ ಜಾಗಕ್ಕೇ ಇಳಿಸಲು ಹೇಳಿದಳು.

"ಇಷ್ಟು ಚೆಂದಾಗಿ ಬೀಳ್ತಾ ಅದಲ್ಲವ್ವ, ಯಾಕೆ?"

"ಈಗ ಕಳ್ಳ ಇಲ್ವಲ್ಲ ಅಜ್ಜಿ. ನಮಗೆ ಅವಸರ ಏನಿದೆ?"

ಅಜ್ಜಿ ನಕ್ಕು ಗುಂಡು ಇಳಿಸಿದಳು. ಅಂದಿನಿಂದ ಮಣಿಕೂಟದಲ್ಲಿ ಉಪ್ಪು ಸ್ವಲ್ಪ ತಡವಾಗಿ ಬರುತ್ತದೆ, ಯಾರೂ ಗೊಣಗುವುದಿಲ್ಲ. ಅವರು ಅಲ್ಲಿ ಉಪ್ಪು ಉಂಡು ಸುಖವಾಗಿದ್ದಾರೆ, ನಾವು ಇಲ್ಲಿ ಕತೆ ಕೇಳಿ ಸುಖವಾಗಿದ್ದೇವೆ. ಘಟ್ಟದ ದಾರಿಯಲ್ಲಿ ಮಗಳು ಕೋಲು ಹಿಡಿಯುತ್ತಾಳೆ, ಅಪ್ಪ ಅವಳ ಕೈಮೇಲೆ ಕೈ ಇಡುತ್ತಾನೆ. "ಬಂತು... ಬಂತು..." ಎನ್ನುತ್ತಾನೆ. ಅವಳು ಕೋಲನ್ನು ನಡುದಾರಿಯಲ್ಲೇ ಹಿಡಿದು, ಅವನು ಮುಗಿಸುವವರೆಗೂ ಕಾಯುತ್ತಾಳೆ.