ಉಬ್ಬದ ಬನ್ನು

“ಒಳಗೆ ಬರಬಾರದು ಅಂತ ಬಾಗಿಲ ಮೇಲೆ ಬರೆದಿದೆ. ಕಣ್ಣು ಕಾಣಲ್ವಾ?”

“ಕಾಣುತ್ತೆ ಮೇಡಂ. ಆದ್ರೆ ಒಳಗಿರೋದು ನನ್ನ ರಕ್ತಾನೇ ಅಲ್ವಾ?”

ಲ್ಯಾಬಿನ ಹುಡುಗಿ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು. ರಕ್ತದ ಕ್ಯಾನ್ಸರ್ ವಾರ್ಡಿನ ರೋಗಿ, ಆ ಬೇಕರಿಯವನು! ಸಲೈನ್ ಸ್ಟ್ಯಾಂಡ್ ತಳ್ಳಿಕೊಂಡೇ ಬಂದು ನಿಂತಿದ್ದ. ಬೈಯಬೇಕೆಂದುಕೊಂಡವಳು ಯಾಕೋ ಸ್ಟೂಲು ಸರಿಸಿಕೊಟ್ಟಳು.

“ಇವೇ ನೋಡಿ, ಬಲಿಯೋದನ್ನೇ ಮರೆತ ರಕ್ತಕಣಗಳು. ಬರೀ ಹೆಚ್ಚುತ್ತಾ ಹೋಗ್ತವೆ. ನಾವಿಲ್ಲಿ ಪರೀಕ್ಷೆ ಮಾಡ್ತಿರೋ ಹೊಸ ಔಷಧಿ ಅವನ್ನ ಕೊಲ್ಲಲ್ಲ, ಬಲಿಯೋ ಹಾಗೆ ಮಾಡುತ್ತೆ. ಬಲಿತ ಕಣ ತನ್ನ ಕೆಲಸ ಮುಗಿಸಿ ತಾನಾಗೇ ಸಾಯುತ್ತೆ.”

“ಎಲ್ಲಾನೂ ಬಲಿಯುತ್ತಾ?”

“ಎಲ್ಲಾ ಒಂದೇ ಥರ ಇರಲ್ಲ...”

“ಗೊತ್ತು ಬಿಡಿ. ಒಂದೇ ಹಿಟ್ಟು, ಒಂದೇ ಒಲೆ. ಆದ್ರೂ ಕೆಲವು ಬನ್ನು ಉಬ್ಬೋದೇ ಇಲ್ಲ!”

“ಅವನ್ನ ಎಸೀತೀರಾ?”

“ಛೆ! ಬಿಸಿ ಇರೋವಾಗ್ಲೇ ನಾನೇ ತಿಂದ್ಬಿಡ್ತೀನಿ.”

ಅವಳು ನಕ್ಕಳು. ಅಲ್ಲಿಗೆ ಮುಗಿಯಿತು ಅವಳ ಕಥೆ! ದಿನಾ ಕೆಲಸ ಮುಗಿಸಿ ವಾರ್ಡಿಗೆ ಹೋಗತೊಡಗಿದಳು. ಗಾಜಿನ ತಟ್ಟೆಯಲ್ಲಿ ಔಷಧಿ ಹಾಕಿಟ್ಟ ಅವನ ಕಣಗಳು ಬಹುಪಾಲು ಬಲಿತದ್ದು ಕಂಡಾಗ, ಡಾಕ್ಟರು ಬಾಯಿ ಬಿಡುವ ಮೊದಲೇ ಓಡಿ ಹೋಗಿ ಹೇಳಿದಳು. “ಗೆದ್ರಿ ಬಿಡಿ!”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತಾಯಿತು.

ತಟ್ಟೆಯೇ ಬೇರೆ, ಮೈಯೇ ಬೇರೆ. ಅವನಿಗೆ ಔಷಧಿ ಕೊಟ್ಟ ಮೇಲೆ ತೆಗೆದ ರಕ್ತದಲ್ಲಿ ಕೆಲವು ಕಣ ಬಲಿತಿದ್ದವು. ಉಳಿದವು ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಆ ಉಳಿದವೇ ಈಗ ಹೆಚ್ಚುತ್ತಿದ್ದವು. ಇನ್ನು ಬೇರೆ ಔಷಧಿ ಇಲ್ಲವೆಂದು ಡಾಕ್ಟರು ಅವನಿಗೆ ಹೇಳಿಯೂ ಆಯಿತು.

‘ಯಾವ ಮುಖ ಹೊತ್ತುಕೊಂಡು ಹೋಗಲಿ? ಆಸೆ ಹುಟ್ಟಿಸಿದವಳೇ ನಾನು...’ ಅವಳು ವಾರ್ಡಿನ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಕೊನೆಗೆ ಅವನ ಅಕ್ಕನೇ ಲ್ಯಾಬಿಗೆ ಬಂದಳು. “ಸಾಯೋನ ಹತ್ರ ಯಾರು ಬರ್ತಾರೆ ಅಂತ ಗೋಡೆಗೆ ಮುಖ ಮಾಡಿ ಮಲಗಿದಾನೆ ಕಣಮ್ಮ. ಊಟಾನೂ ಸೇರ್ತಿಲ್ಲ.”

ಅವಳು ಓಡಿದಳು. ಮಂಚದ ಮೇಲೆ ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ.

“ನನ್ನ ರಕ್ತ ಕೆಲಸಕ್ಕೆ ಬರಲಿಲ್ಲ. ಅದಕ್ಕೇ ನಿಮಗೆ ನಾನೂ ಬೇಡವಾದೆ, ಅಲ್ವಾ?”

“ಅಯ್ಯೋ, ಹಾಗನ್ನಬೇಡಿ! ಸುಳ್ಳು ಆಸೆ ಕೊಟ್ಟೆ... ನೀವು ಶಾಪ ಹಾಕ್ತಿದ್ದೀರಿ ಅಂದ್ಕೊಂಡೆ. ನಂಗೆ ನೀವಂದ್ರೆ ಪ್ರಾಣ ರೀ!”

ಅವನು ಗೋಡೆಯ ಕಡೆಯಿಂದ ಅವಳತ್ತ ಹೊರಳಿದ.

“ಹುಚ್ಚಿ... ಇನ್ನು ಎಷ್ಟು ದಿನ ಇರ್ತೀನೋ! ಉಬ್ಬದ ಬನ್ನು ನಾನು. ತಗೊಂಡು ಏನ್ ಮಾಡ್ತೀಯ?”

ಅವಳು ಅವನ ಅಂಗೈ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಜ್ವರಕ್ಕೆ ಸುಡುತ್ತಿತ್ತು.

“ಎಸೆಯಲ್ಲ,” ಎಂದಳು. “ಇನ್ನೂ ಬಿಸಿ ಇದೆ.”