ಅಭ್ಯರ್ಥಿಗೂ ನಿಮಗೂ ಏನು ಸಂಬಂಧ?

ಪ್ರಿಂಟರ್ ಕಚ್ಚಿ ಹಿಡಿದಿದ್ದ ಕಾಗದವನ್ನು ಬಿಡಿಸಿದವನು ಲ್ಯಾಬಿನ ಮೆಕ್ಯಾನಿಕ್. ಅದರಲ್ಲಿ ಅದೇ ಲ್ಯಾಬಿನಲ್ಲಿ ದುಡಿಯುವ ಅವಳ ಹೆಸರು ಕಂಡ ಮೇಲೆ ಓದದೆ ಇರಲಾಗಲಿಲ್ಲ. ಅವಳ ಪಿಎಚ್‌ಡಿ ಅರ್ಜಿಗೆ ಪ್ರೊಫೆಸರ್ ಬರೆದ ಶಿಫಾರಸು ಪತ್ರ ಅದು: ‘ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಅಚ್ಚುಕಟ್ಟಾಗಿ ಮಾಡುತ್ತಾಳೆ.’

ಅವನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆರು ವರ್ಷದಿಂದ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿಯೇ ಉಳಿದವಳು, ಏಳು ಯೂನಿವರ್ಸಿಟಿಗಳಿಂದ ‘ವಿಷಾದಿಸುತ್ತೇವೆ’ ಎನ್ನಿಸಿಕೊಂಡವಳು. ಒಂದು ನಗುವನ್ನಾದರೂ ಗಿಟ್ಟಿಸೋಣವೆಂದು ಓಡಿಹೋಗಿ ಆ ಸಾಲನ್ನು ಅವಳಿಗೆ ಒಪ್ಪಿಸಿದ.

ಅವಳು ನಗಲಿಲ್ಲ. ಕೈಗವಸು ಕಳಚಿ, ಇನ್ನೊಮ್ಮೆ ಹೇಳಿಸಿಕೊಂಡಳು.

“ಹೇಳಿದ್ದನ್ನ ಮಾಡೋರು ರಿಸರ್ಚಿಗೆ ಯಾರಿಗೆ ಬೇಕು, ಮೆಕ್ಯಾನಿಕ್ ಸಾಹೇಬ್ರೇ? ತಾವೇ ಯೋಚನೆ ಮಾಡೋರು ಬೇಕು. ಏಳು ಕಡೆಗೂ ಇದೇ ಹೋಗಿರತ್ತೆ.”

ಪ್ರೊಫೆಸರಿಗೆ ಅವಳ ಮೇಲೆ ಹಗೆಯೇನಿರಲಿಲ್ಲ. ಅವಳು ಹೋದರೆ ಲ್ಯಾಬ್ ಮೂರು ದಿನವೂ ನಡೆಯದು, ಅಷ್ಟೇ. ಬೀಗ ಹಾಕದೆಯೂ ಒಬ್ಬರನ್ನು ಕೂಡಿಹಾಕಬಹುದೆಂದು ಮೆಕ್ಯಾನಿಕ್‌ಗೆ ಅಂದು ತಿಳಿಯಿತು. ಜೊತೆಗೆ, ಪ್ರತಿ ಸಲ ‘ಇಲ್ಲ’ ಬಂದಾಗಲೂ ತನಗೆ ಒಳಗೊಳಗೇ ಹಾಯೆನಿಸಿದ್ದು ನೆನಪಾಗಿ, ತಾನೂ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತವನೇ ಎಂದು ನಾಚಿಕೆಯಾಯಿತು.

ಇನ್ನೂ ಕಳಿಸಬೇಕಿದ್ದ ಆ ಎಂಟನೆಯ ಅರ್ಜಿಯಿಂದ ಅವಳು ಪ್ರೊಫೆಸರರ ಹೆಸರು ತೆಗೆದುಹಾಕಿದಳು. ಶಿಫಾರಸಿಗೆ ಇಬ್ಬರು ಬೇಕಿತ್ತು. ಒಬ್ಬರು ಅವಳ ಹಳೆಯ ಕಾಲೇಜಿನ ಟೀಚರ್, ಇನ್ನೊಬ್ಬ ಇವನು. ಸ್ಪ್ಯಾನರ್ ಹಿಡಿಯುವವನ ಮಾತನ್ನು ಯಾರು ಕೇಳುತ್ತಾರೆ ಎಂದು ಇವನು ಹಿಂಜರಿದ. ಫಾರ್ಮು ಕೇಳಿರುವುದು ಕೆಲಸ ಕಂಡವರನ್ನೇ ಹೊರತು ಡಿಗ್ರಿಯನ್ನಲ್ಲ ಎಂದು ಅವಳು ಬಾಯಿ ಮುಚ್ಚಿಸಿದಳು.

ಪತ್ರ ಕಳಿಸಬೇಕಾದ ಕೊನೆಯ ದಿನ ಮಧ್ಯಾಹ್ನ, ಲ್ಯಾಬಿದ್ದ ಆ ತೆರೆಯಲು ಬಾರದ ಕಿಟಕಿಯ ನೆಲಮಾಳಿಗೆಯಲ್ಲಿ ಇಬ್ಬರೂ ಕಂಪ್ಯೂಟರ್ ಮುಂದೆ ಕೂತರು. ಅವನು ಕಂಡದ್ದನ್ನು ಕಂಡ ಹಾಗೆ ಬರೆದ. ಒಮ್ಮೆ ಓವನ್ ಕೆಟ್ಟಾಗ ಎಲ್ಲರೂ, ನಾನೂ ಸೇರಿ, ಹೀಟರನ್ನು ದೂರಿದೆವು, ಹೀಟರ್ ಸರಿಯಿದೆ, ಶಾಖ ಅಳೆಯುತ್ತಿರುವ ಜಾಗವೇ ತಪ್ಪು ಎಂದವರು ಇವರೊಬ್ಬರೇ, ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬೆರಳು ನಿಂತಿತು. ಕೊನೆಯ ಪ್ರಶ್ನೆ: ‘ಅಭ್ಯರ್ಥಿಗೂ ನಿಮಗೂ ಏನು ಸಂಬಂಧ?’ ಕೆಳಗೆ ಸಣ್ಣಕ್ಷರದಲ್ಲಿ, ಬಂಧುಗಳ, ಆಪ್ತರ ಪತ್ರ ಪರಿಗಣಿಸುವುದಿಲ್ಲ ಎಂದಿತ್ತು.

ನಿಜ ಹೇಳಿದರೆ ಪತ್ರ ಬಿದ್ದುಹೋಗುತ್ತದೆ. ಹೇಳದಿದ್ದರೆ ಅವಳು ಹೊರಟೇಹೋಗುತ್ತಾಳೆ. ಕಿವಿ ಕೆಂಪಾದದ್ದು ಅವನಿಗೇ ಗೊತ್ತಾಯಿತು.

“ಏನ್ ಬರೀಲಿ, ಮೇಡಂ?”

ಅವಳು ಅವನ ಕಿವಿಯನ್ನೇ ನೋಡುತ್ತಿದ್ದಳು. ತುಟಿಯ ಒಂದು ತುದಿ ಮಾತ್ರ ಮೇಲೇರಿತು.

“ಸಹೋದ್ಯೋಗಿ ಅಂತ ಬರೀರಿ. ಇವತ್ತಿನವರೆಗೂ ಅದು ಸುಳ್ಳಾಗಬಾರದು ಅಂತಾನೇ ನಾನೂ ಬಾಯಿ ಮುಚ್ಚಿಕೊಂಡಿರೋದು.”

ಅವನು ಬರೆದ. ಗುಂಡಿ ಒತ್ತಿದ. ಪತ್ರ ತಲುಪಿದೆ, ಇನ್ನು ತಿದ್ದುವಂತಿಲ್ಲ ಎಂದು ಪರದೆ ಹೇಳಿತು. ಉತ್ತರಕ್ಕೆ ಎರಡು ತಿಂಗಳು. ಅಲ್ಲಿಯವರೆಗೆ ಇದೇ ಕೋಣೆ, ಮೇಲಿನಿಂದ ಪ್ರೊಫೆಸರರ ಅದೇ ಕರೆಗಂಟೆ. ಆಗಲೂ ಅದು ಮೊಳಗಿತು. ಅವಳು ಏಳಲಿಲ್ಲ.

“ಈಗ ಹೇಳಿ,” ಎಂದಳು. “ಅಭ್ಯರ್ಥಿಗೂ ನಿಮಗೂ ಏನು ಸಂಬಂಧ?”

ಮೂರು ವರ್ಷ ‘ಮೇಡಂ’ ಎಂದೇ ಕರೆದಿದ್ದ ನಾಲಿಗೆ ಒಮ್ಮೆ ತಡವರಿಸಿತು.

“ನೀನು ಹೋಗ್ಬೇಕು,” ಎಂದ ಅವನು. “ಹೋಗುವಾಗ ನನ್ನನ್ನ ಇಲ್ಲಿ ಬಿಟ್ಟು ಹೋಗಬಾರದು.”